ಜೀವಕೋಶವಿಲ್ಲದ ವೆಲ್‌ನಲ್ಲಿ ಮೂಡಿದ ನೇರಳೆ: ಸುಗಂಧಿ ಬೇರಿನ ಸಾರದ ಒಂದು ಪ್ರಕರಣ ಅಧ್ಯಯನ

ಬೆಳಗಾವಿಯ ಒಂದು ಕಾಲೇಜಿನ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಸುಗಂಧಿ ಬೇರಿನ ಸಾರದ ಮೇಲೆ ನಡೆದ ಎಂ.ಎಸ್ಸಿ. ಪ್ರಬಂಧದ ಕೆಲಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ವಿದ್ಯಾರ್ಥಿನಿ ಬಾಗಲಕೋಟೆ ಜಿಲ್ಲೆಯವಳು, ಮಾರ್ಗದರ್ಶಕ ನಾನು. ಬೇರಿನ ಸಾರದಲ್ಲಿ ಉತ್ಕರ್ಷಣ ನಿರೋಧಕ ಗುಣ, ಅಂದರೆ ಎಲ್ಲರೂ ಆಂಟಿಆಕ್ಸಿಡೆಂಟ್ ಎನ್ನುವ ಗುಣ, ಎಷ್ಟಿದೆ ಮತ್ತು ಅದೇ ಸಾರ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲಬಲ್ಲದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕೆಲಸದ ಉದ್ದೇಶವಾಗಿತ್ತು. ನಮ್ಮ ಭಾಗದ ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ ಮತ್ತು ಫಾರ್ಮಸಿ ವಿಭಾಗಗಳಲ್ಲಿ ಇಂಥ ಪ್ರಬಂಧಗಳು ಹೊಸವಲ್ಲ. ಸಾಮಾನ್ಯವಾಗಿ ಮೊದಲ ಪ್ರಶ್ನೆಗೆ ಒಂದು ಅಧ್ಯಾಯ, ಎರಡನೆಯದಕ್ಕೆ ಇನ್ನೊಂದು ಅಧ್ಯಾಯ ಎಂದು ಬರೆದು ಮುಗಿಸಲಾಗುತ್ತದೆ. ನಮ್ಮ ಪ್ರಕರಣದಲ್ಲಿ ಮೊದಲ ಅಧ್ಯಾಯದ ಗುಣವೇ ಎರಡನೆಯ ಅಧ್ಯಾಯದ ಅಳತೆಯನ್ನು ಕೆಡಿಸುತ್ತಿತ್ತು, ಮತ್ತು ಅದು ಒಂದಲ್ಲ, ಎರಡು ಬಗೆಯಲ್ಲಿ, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಕೆಡಿಸುತ್ತಿತ್ತು.

ಬೇರಿನ ಐಸಿ50 ಅಂಕಿಗಳನ್ನು, ಅಂದರೆ ಅರ್ಧದಷ್ಟು ಪರಿಣಾಮ ಕಾಣಲು ಬೇಕಾದ ಸಾರದ ಸಾಂದ್ರತೆಗಳನ್ನು, ಈ ಬರಹದಲ್ಲಿ ಕೊಡುತ್ತಿಲ್ಲ. ಒಂದು ಹೊಲದ ಬದುವಿನಿಂದ ಒಂದು ಹಂಗಾಮಿನಲ್ಲಿ ತೆಗೆದ ಬೇರಿನ ಅಂಕಿಯನ್ನು ಆ ಸಸ್ಯದ್ದೇ ಅಂಕಿ ಎಂದು ಯಾರಾದರೂ ಎತ್ತಿಕೊಂಡರೆ ಆಗುವ ಹಾನಿ ದೊಡ್ಡದು. ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದು ನಾವು ಎಲ್ಲಿ ತಪ್ಪಿದೆವು, ಅದನ್ನು ಹೇಗೆ ಕಂಡುಕೊಂಡೆವು ಎಂಬ ವಿವರ.

ಬೇರು ಯಾವುದು ಎಂಬ ಮೊದಲ ಪ್ರಶ್ನೆ

ಸುಗಂಧಿ ಬೇರು, ಸೊಗದೆ ಬೇರು, ನಾಮದ ಬೇರು ಎಂದೆಲ್ಲ ಕರೆಸಿಕೊಳ್ಳುವ ಹೆಮಿಡೆಸ್ಮಸ್ ಇಂಡಿಕಸ್ ಒಂದು ಸಪೂರ ಬಳ್ಳಿ. ಆಯುರ್ವೇದದಲ್ಲಿ ಇದು ಶ್ವೇತ ಸಾರಿವಾ. ಬಾದಾಮಿ ಸುತ್ತಲಿನ ಕಲ್ಲುನೆಲದ ಕುರುಚಲಿನಲ್ಲಿಯೂ ಹೊಲದ ಬದುಗಳಲ್ಲಿಯೂ ಇದು ಬೆಳೆಯುತ್ತದೆ. ಎಲೆ ಕಿತ್ತರೆ ಹಾಲು ಬರುತ್ತದೆ. ಎದುರುಬದುರಾಗಿ ಕೂತ ಎಲೆಗಳ ನಡುನರದ ಗುಂಟ ಬಿಳಿಯ ಛಾಯೆ ಇರುತ್ತದೆ. ಆದರೆ ಒಂದೇ ಬಳ್ಳಿಯಲ್ಲಿ ಒಂದು ಎಲೆ ಹುಲ್ಲಿನಂತೆ ಕಿರಿದಾಗಿಯೂ ಇನ್ನೊಂದು ಅಗಲವಾಗಿಯೂ ಇರಬಹುದಾದ್ದರಿಂದ ಎಲೆಯೊಂದನ್ನೇ ನಂಬಿ ಗುರುತಿಸಲು ಹೋದವರು ಎಡವುತ್ತಾರೆ.

ವಿದ್ಯಾರ್ಥಿನಿ ಮೊದಲು ಪೇಟೆಯ ಗಿಡಮೂಲಿಕೆ ಅಂಗಡಿಯಿಂದ ಅರ್ಧ ಕಿಲೋ ಬೇರು ತಂದಿದ್ದಳು. ಪರಿಮಳವೇನೋ ಗಾಢವಾಗಿತ್ತು. ಅದನ್ನು ಊರಿಗೆ ಒಯ್ದು ಅಜ್ಜಿಗೆ ತೋರಿಸಿದಾಗ ಆಕೆ ಒಂದು ತುಂಡನ್ನು ಮುರಿದು, ಮೂಸಿ, "ವಾಸನಿ ಐತಿ ಖರೆ, ಆದ್ರ ನಮ್ಮ ಬೇರು ಹಿಂಗ ದಪ್ಪ ಇರೂದಿಲ್ಲವ್ವಾ" ಎಂದಳಂತೆ. ಅಜ್ಜಿಯ ಅನುಮಾನ ನೂರಕ್ಕೆ ನೂರು ಸರಿಯಾಗಿತ್ತು. ಮಾರುಕಟ್ಟೆಯಲ್ಲಿ ಸುಗಂಧಿ ಬೇರಿನ ಹೆಸರಿನಲ್ಲಿ ಮಾಕಳಿ ಬೇರು, ಅಂದರೆ ಡೆಕಾಲೆಪಿಸ್ ಹ್ಯಾಮಿಲ್ಟೋನೈ ಸಸ್ಯದ ಬೇರು, ಬರುವುದು ಬಲ್ಲವರಿಗೆ ಗೊತ್ತಿರುವ ಸಂಗತಿ. ಎರಡರ ಪರಿಮಳಕ್ಕೂ ಮುಖ್ಯ ಕಾರಣ ಒಂದೇ ಸಂಯುಕ್ತ: ವೆನಿಲಿನ್‌ನ ಸಹೋದರನಂತಿರುವ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಹಾಗಾಗಿ ಮೂಗಿಗೆ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಮಾಕಳಿ ಬೇರು ದಪ್ಪ, ರಸಭರಿತ, ಉಪ್ಪಿನಕಾಯಿಗೆ ಒದಗುವಂಥದ್ದು. ಸುಗಂಧಿ ಬೇರು ತೆಳ್ಳಗೆ, ನಾರುನಾರಾಗಿ, ಹೊರಗೆ ಕಡುಗಂದು. ಒಣಗಿದಾಗ ಸಿಪ್ಪೆಯ ಮೇಲೆ ಅಡ್ಡಲಾಗಿ ಬಿರುಕುಗಳು ಬಿದ್ದು, ಉಗುರಿನಿಂದ ಒತ್ತಿದರೆ ಸಿಪ್ಪೆ ಕಳಚಿ ಒಳಗಿನ ಕಟ್ಟಿಗೆಯಂಥ ತಿರುಳು ಕಾಣುತ್ತದೆ.

ಪೇಟೆಯ ಬೇರನ್ನು ಬದಿಗಿಟ್ಟು, ಆಕೆಯ ಮನೆಯವರ ಹೊಲದ ಬದುವಿನಿಂದ ಎಲೆ, ಹೂವು, ಕಾಯಿ ಸಮೇತ ಬಳ್ಳಿಯನ್ನು ತೆಗೆದುಕೊಂಡೆವು. ಒಂದು ಕೊಂಬೆಯನ್ನು ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾದರಿ ಮಾಡಿ, ತಜ್ಞರಿಂದ ಗುರುತು ದೃಢೀಕರಿಸಿಕೊಂಡೆವು. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೇ ಇರುವಾಗ ಇಲ್ಲಿನ ವಿದ್ಯಾರ್ಥಿಗಳು ಗುರುತಿನ ದೃಢೀಕರಣವಿಲ್ಲದೆ ಪ್ರಬಂಧ ಬರೆಯುವುದಕ್ಕೆ ಯಾವ ನೆಪವೂ ಇಲ್ಲವೆಂದು ನನ್ನ ಅಭಿಪ್ರಾಯ. ಬೇರು ಅಗೆದರೆ ಗಿಡ ಸಾಯುತ್ತದೆ ಎಂಬ ಎಚ್ಚರದಿಂದ ಪ್ರತಿ ಬಳ್ಳಿಯ ಒಂದು ಪಕ್ಕದ ಬೇರನ್ನು ಮಾತ್ರ ತೆಗೆದು, ಬುಡವನ್ನು ಮಣ್ಣಿನಿಂದ ಮುಚ್ಚಿ ಬಂದೆವು.

ಒಣಗಿಸುವುದು ನೆರಳಿನಲ್ಲಿ. ಬೆಳಗಾವಿಯ ಮಳೆಗಾಲದ ಹಸಿಗಾಳಿಯಲ್ಲಿ ಬೇರು ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳ ವಿಷ ತಾನೇ ಜೀವಕೋಶಗಳನ್ನು ಕೊಲ್ಲಬಲ್ಲದು, ಆಗ ನಾವು ಅಳೆಯುವುದು ಬೇರನ್ನೋ ಬೂಸ್ಟನ್ನೋ ತಿಳಿಯದಂತಾಗುತ್ತದೆ. ಆದ್ದರಿಂದ ಬೇರನ್ನು ಊರಿನಲ್ಲಿಯೇ ಒಣಗಿಸಿ, ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತರಲಾಯಿತು.

ಸಾರ ತೆಗೆದದ್ದು ಮೆಥನಾಲ್‌ನಲ್ಲಿ ನೆನೆಹಾಕಿ. ಸಾಕ್ಸ್‌ಲೆಟ್ ಉಪಕರಣ ಕೈಗೆಟುಕುವಂತಿದ್ದರೂ ಗಂಟೆಗಟ್ಟಲೆ ಕುದಿಸಿದರೆ ಬೇರಿನ ಪರಿಮಳದ ಅಂಶ ಹಾರಿಹೋಗುತ್ತದೆಂದು ಅದನ್ನು ಬಳಸಲಿಲ್ಲ. ಸೋಸಿದ ದ್ರಾವಣವನ್ನು ರೋಟರಿ ಇವ್ಯಾಪೊರೇಟರ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಆರಿಸಿ, ಉಳಿದ ಮೆಥನಾಲ್ ಪೂರ್ತಿ ಹೋಗುವಂತೆ ನಿರ್ವಾತ ಡೆಸಿಕೇಟರ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಇಟ್ಟೆವು. ಉಳಿದ ಅಂಟಂಟಾದ ಕಂದು ಮುದ್ದೆಯನ್ನು ಡಿಎಂಎಸ್‌ಒ ದ್ರಾವಕದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ಕರಗಿಸಿಟ್ಟುಕೊಂಡೆವು. ಇದರಿಂದ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಸಾಂದ್ರತೆ ಮಾಡಿದರೂ ಜೀವಕೋಶಗಳಿಗೆ ತಗಲುವ ಡಿಎಂಎಸ್‌ಒ ಶೇಕಡಾ 0.5 ಮಾತ್ರ.

ಮೊದಲ ಪರೀಕ್ಷೆ ಸುಸೂತ್ರವಾಗಿ ಮುಗಿದದ್ದು

ಡಿಪಿಪಿಎಚ್ ಒಂಟಿ ಎಲೆಕ್ಟ್ರಾನ್ ಹೊತ್ತ, ಆದರೆ ಸ್ಥಿರವಾದ ಒಂದು ಮುಕ್ತ ರ‍್ಯಾಡಿಕಲ್. ಮೆಥನಾಲ್‌ನಲ್ಲಿ ಅದರ ಬಣ್ಣ ಕಡುನೇರಳೆ. ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ಕೊಡಬಲ್ಲ ವಸ್ತು ಎದುರಾದರೆ ಆ ನೇರಳೆ ಮಾಸಿ ತಿಳಿಹಳದಿಯಾಗುತ್ತದೆ, ಮಾಸಿದ ಪ್ರಮಾಣವನ್ನು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. 1958ರಲ್ಲಿ ಬ್ಲೋಯಿಸ್ ವಿವರಿಸಿದ ಈ ವಿಧಾನ ಅಗ್ಗ, ಸುಲಭ, ಅರ್ಧ ಗಂಟೆಯದು. ನಮ್ಮ ಸಾರಕ್ಕೆ ಸ್ವಂತ ಬಣ್ಣವಿದ್ದುದರಿಂದ ಪ್ರತಿ ಸಾಂದ್ರತೆಗೂ ಡಿಪಿಪಿಎಚ್ ಇಲ್ಲದ, ಸಾರ ಮಾತ್ರವಿರುವ ಒಂದು ಬ್ಲಾಂಕ್ ಇಟ್ಟು ಅದರ ಓದನ್ನು ಕಳೆದೆವು. ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ. ಇದರ ಜೊತೆಗೆ ಫೋಲಿನ್-ಸಿಯೊಕಾಲ್ಟೊ ವಿಧಾನದಿಂದ 765 ನ್ಯಾನೋಮೀಟರಿನಲ್ಲಿ ಒಟ್ಟು ಫೀನಾಲಿಕ್ ಅಂಶವನ್ನು ಗ್ಯಾಲಿಕ್ ಆಮ್ಲದ ಲೆಕ್ಕದಲ್ಲಿ ಅಳೆದೆವು. ಎರಡೂ ಚೆನ್ನಾಗಿ ಬಂದವು. ಸಾರ ಹೆಚ್ಚಿದಷ್ಟೂ ನೇರಳೆ ಮಾಸಿತು, ರೇಖೆ ನೇರವಾಯಿತು.

ಇಲ್ಲಿಯೇ ನಿಂತು ಒಂದು ಮಾತು ಯೋಚಿಸಬೇಕಿತ್ತು, ನಾನು ಯೋಚಿಸಲಿಲ್ಲ. ಡಿಪಿಪಿಎಚ್ ನಮ್ಮ ದೇಹದಲ್ಲಿ ಎಲ್ಲಿಯೂ ಇರುವ ರ‍್ಯಾಡಿಕಲ್ ಅಲ್ಲ. ಈ ಪರೀಕ್ಷೆ ತೋರಿಸುವುದು ಸಾರಕ್ಕೆ ಎಲೆಕ್ಟ್ರಾನ್ ಕೊಡುವ ಶಕ್ತಿ, ಅಂದರೆ ಅಪಕರ್ಷಣ ಶಕ್ತಿ, ಇದೆ ಎಂಬುದನ್ನಷ್ಟೇ. ಪ್ರಯೋಗಾಲಯದ ಉತ್ಕರ್ಷಣ ನಿರೋಧಕ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧವಿಲ್ಲವೆಂಬ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓಆರ್‌ಎಸಿ ಅಂಕಿಗಳ ತನ್ನ ಕೋಷ್ಟಕವನ್ನು 2012ರಲ್ಲಿ ಹಿಂದಕ್ಕೆ ಪಡೆದದ್ದು ನನಗೆ ಗೊತ್ತಿತ್ತು. ಆದರೆ ಎಲೆಕ್ಟ್ರಾನ್ ಕೊಡುವ ವಸ್ತು ನಮ್ಮದೇ ಮುಂದಿನ ಪರೀಕ್ಷೆಯಲ್ಲಿ ಯಾರಿಗೆ ಎಲೆಕ್ಟ್ರಾನ್ ಕೊಡುತ್ತದೆ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಹೊಂದಿಕೆಯಾಗದ ರೇಖೆ

ಕೋಶನಾಶಕ ಗುಣದ ಪರೀಕ್ಷೆಗೆ ಎಂಟಿಟಿ ವಿಧಾನವನ್ನು ಆರಿಸಿದ್ದೆವು. 1983ರಲ್ಲಿ ಮೋಸ್‌ಮನ್ ರೂಪಿಸಿದ ಇದು ಇಂದು ಎಲ್ಲೆಡೆ ರೂಢಿಯಲ್ಲಿದೆ. ಎಂಟಿಟಿ ಹಳದಿ ಬಣ್ಣದ ಲವಣ. ಬದುಕಿರುವ ಜೀವಕೋಶದ ಕಿಣ್ವಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು, ನೀರಿನಲ್ಲಿ ಕರಗದ ನೇರಳೆ ಫಾರ್ಮಜಾನ್ ಹರಳುಗಳನ್ನಾಗಿ ಮಾಡುತ್ತವೆ. ಹರಳುಗಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದಿದರೆ, ನೇರಳೆ ಹೆಚ್ಚಿದ್ದಲ್ಲಿ ಬದುಕಿದ ಕೋಶಗಳು ಹೆಚ್ಚು, ಕಡಿಮೆಯಿದ್ದಲ್ಲಿ ಕಡಿಮೆ ಎಂದು ಲೆಕ್ಕ.

ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ತರಿಸಿದ ಹೀಲಾ ಕೋಶಗಳನ್ನು, ಅಂದರೆ ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಕೋಶಗಳನ್ನು, ವೆಲ್ ಎಂಬ ಚಿಕ್ಕ ಗುಳಿಗಳು ಸಾಲಾಗಿರುವ 96 ವೆಲ್‌ಗಳ ಪ್ಲೇಟಿನಲ್ಲಿ ವೆಲ್‌ಗೆ ಹತ್ತು ಸಾವಿರದಂತೆ ಹಾಕಿ, 37 ಡಿಗ್ರಿಯಲ್ಲಿ ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಒಂದು ದಿನ ಬಿಟ್ಟು, 15.6ರಿಂದ 500 ಮೈಕ್ರೋಗ್ರಾಂವರೆಗೆ ದುಪ್ಪಟ್ಟಾಗುತ್ತ ಹೋಗುವ ಆರು ಸಾಂದ್ರತೆಗಳ ಸಾರ ಹಾಕಿ 48 ಗಂಟೆ ಇಟ್ಟೆವು. ಫಲಿತಾಂಶದ ರೇಖೆ ವಿಚಿತ್ರವಾಗಿತ್ತು. ಕಡಿಮೆ ಸಾಂದ್ರತೆಯಲ್ಲಿ ಕೋಶಗಳು ನೂರಕ್ಕೆ ಹತ್ತಿರ, ನಡುವಿನಲ್ಲಿ ಇಳಿಕೆ, ಕೊನೆಯ ಎರಡು ಸಾಂದ್ರತೆಗಳಲ್ಲಿ ಮತ್ತೆ ಏರಿಕೆ. 500ರಲ್ಲಿ ಬದುಕಿದ ಕೋಶಗಳು ನೂರಕ್ಕಿಂತ ಹೆಚ್ಚು!

ಪಿಪೆಟ್ ಹಿಡಿಯುವುದರಲ್ಲಿ ತಪ್ಪಾಗಿರಬೇಕೆಂದು ಮತ್ತೆ ಮಾಡಿಸಿದೆ. ಮೂರು ಸಲವೂ ಅದೇ ರೇಖೆ. ಆಗ ನಾನು ಸಾರಾಂಶದ ಕರಡಿನಲ್ಲಿ "ಹೆಚ್ಚಿನ ಸಾಂದ್ರತೆಯಲ್ಲಿ ಸಾರವು ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ" ಎಂಬ ವಾಕ್ಯವನ್ನು ಸೇರಿಸಲು ಹೇಳಿದೆ. ಆ ವಾಕ್ಯ ಇಂದಿಗೂ ನನ್ನನ್ನು ಚುಚ್ಚುತ್ತದೆ, ಏಕೆಂದರೆ ಅದು ತಪ್ಪೆಂದು ಹೇಳುವ ಸಾಕ್ಷಿ ಆ ಹೊತ್ತಿಗೇ ನಮ್ಮ ಬಳಿ ಇತ್ತು. ಎಂಟಿಟಿ ಹಾಕುವ ಮೊದಲು ವಿದ್ಯಾರ್ಥಿನಿ ಪ್ರತಿ ಪ್ಲೇಟನ್ನೂ ಇನ್ವರ್ಟೆಡ್ ಸೂಕ್ಷ್ಮದರ್ಶಕದಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟಿದ್ದಳು. ಸಾರವಿಲ್ಲದ ವೆಲ್‌ನಲ್ಲಿ ಕೋಶಗಳು ನೆಲಕ್ಕೆ ಅಂಟಿ, ಕಲ್ಲುಹಾಸಿನಂತೆ ಒಂದರ ಪಕ್ಕ ಒಂದು ಹರಡಿಕೊಂಡಿದ್ದವು. 500ರ ವೆಲ್‌ನಲ್ಲಿ ಅವು ದುಂಡಗಾಗಿ, ನೆಲ ಬಿಟ್ಟು, ಪ್ಲೇಟನ್ನು ಸ್ವಲ್ಪ ಅಲುಗಿಸಿದರೆ ಸಾಬೂದಾಣಿ ಕಾಳಿನಂತೆ ತೇಲಾಡುತ್ತಿದ್ದವು. ಸತ್ತ ಕೋಶಗಳ ಚಿತ್ರ ಒಂದು ಪುಟದಲ್ಲಿ, ನೂರಕ್ಕಿಂತ ಹೆಚ್ಚು ಬದುಕಿವೆ ಎಂಬ ಅಂಕಿ ಎದುರು ಪುಟದಲ್ಲಿ. ನಾನು ಅಂಕಿಯನ್ನು ನಂಬಿದೆ.

ಗುಟ್ಟು ಬಯಲಾದದ್ದು ನಾಲ್ಕನೆಯ ಪ್ಲೇಟಿನಲ್ಲಿ. ಪ್ಲೇಟಿನ ಅಂಚಿನ 36 ವೆಲ್‌ಗಳಲ್ಲಿ ದ್ರವ ಬೇಗ ಆವಿಯಾಗುವುದರಿಂದ ಅಲ್ಲಿ ಕೋಶ ಹಾಕದೆ ಬರೀ ಮಾಧ್ಯಮ, ಅಂದರೆ ಕೋಶ ಬೆಳೆಸುವ ಪೋಷಕ ದ್ರವ, ತುಂಬಿಸುವುದು ನಮ್ಮ ರೂಢಿ. ಆ ದಿನ ಆಕೆ ಕೈತಪ್ಪಿ ಅಂಚಿನ ಒಂದು ಸಾಲಿಗೂ ಸಾರ ಹಾಕಿದ್ದಳು. ಎಂಟಿಟಿ ಹಾಕಿ ನಾಲ್ಕು ಗಂಟೆಯಾದ ಮೇಲೆ ಪ್ಲೇಟನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದು, "ಸರ್, ಈ ಸಾಲಿನ್ಯಾಗ ಜೀವಕೋಶ ಹಾಕೇ ಇಲ್ರಿ. ಆದ್ರೂ ಬಣ್ಣ ಬಂದೈತ್ರಿ" ಎಂದಳು. ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಕೋಶಗಳಿರುವ ವೆಲ್‌ನಲ್ಲಿ ಹರಳುಗಳು ಕೋಶದ ಮೈಯಿಂದ ಮುಳ್ಳುಮುಳ್ಳಾಗಿ ಹೊರಟಿರುತ್ತವೆ. ಇಲ್ಲಿ ಅವು ಯಾವುದಕ್ಕೂ ಅಂಟದೆ ಅಲ್ಲಲ್ಲಿ ಗುಂಪುಗೂಡಿ ಬಿದ್ದಿದ್ದವು.

ಮರುದಿನ ಕೋಶಗಳೇ ಇಲ್ಲದ ಒಂದು ಪೂರ್ತಿ ಪ್ಲೇಟ್ ಮಾಡಿದೆವು: ಮಾಧ್ಯಮ, ಆರು ಸಾಂದ್ರತೆಯ ಸಾರ, ಎಂಟಿಟಿ. ಸಾರ ಹೆಚ್ಚಿದಂತೆ ನೇರಳೆ ಹೆಚ್ಚಿತು. ಪಕ್ಕದ ಸಾಲಿನಲ್ಲಿ ಡಿಪಿಪಿಎಚ್‌ಗೆ ಹೋಲಿಕೆಗೆಂದು ಬಳಸಿದ್ದ ಅದೇ ಆಸ್ಕಾರ್ಬಿಕ್ ಆಮ್ಲ ಹಾಕಿದ್ದೆವು, ಅದೂ ನೇರಳೆಯಾಯಿತು. ಡಿಪಿಪಿಎಚ್‌ಗೆ ಎಲೆಕ್ಟ್ರಾನ್ ಕೊಟ್ಟು ನೇರಳೆಯನ್ನು ಅಳಿಸಿದ ಶಕ್ತಿಯೇ ಎಂಟಿಟಿಗೆ ಎಲೆಕ್ಟ್ರಾನ್ ಕೊಟ್ಟು ನೇರಳೆಯನ್ನು ಹುಟ್ಟಿಸುತ್ತಿತ್ತು. ಸತ್ತ ಕೋಶಗಳ ಪರವಾಗಿ ಬೇರಿನ ಸಾರವೇ ಹಾಜರಿ ಹಾಕುತ್ತಿತ್ತು. ಸಸ್ಯಸಾರಗಳು ಮತ್ತು ಉತ್ಕರ್ಷಣ ನಿರೋಧಕಗಳು ಎಂಟಿಟಿಯನ್ನು ಹೀಗೆ ನೇರವಾಗಿ ಅಪಕರ್ಷಿಸುತ್ತವೆಂಬುದು 2002ರಷ್ಟು ಹಿಂದೆಯೇ ಪ್ರಕಟವಾದ ಸಂಗತಿ. ಕೋಶವಿಲ್ಲದ ಬ್ಲಾಂಕ್ ಸಾಲನ್ನು ಪ್ಲೇಟಿನಲ್ಲಿ ಜಾಗ ಉಳಿಸಲೆಂದು ಬಿಡಲು ಹೇಳಿದ್ದವನು ನಾನು. ಡಿಪಿಪಿಎಚ್ ಪರೀಕ್ಷೆಯಲ್ಲಿ ಅಷ್ಟು ಕಟ್ಟುನಿಟ್ಟಾಗಿ ಬ್ಲಾಂಕ್ ಇಡಿಸಿದವನು ಇಲ್ಲಿ ಬಿಡಿಸಿದ್ದೆ.

ಕೋಶವಿಲ್ಲದ ಸಾಲಿನ ಓದನ್ನು ಕಳೆದುಬಿಟ್ಟರೆ ಸಾಕಲ್ಲವೇ ಎಂದು ಹಲವರು ಕೇಳಿದ್ದಾರೆ. ಸಾಲದು. 48 ಗಂಟೆಗಳಲ್ಲಿ ಕೋಶಗಳು ಸಾರದ ಒಂದಿಷ್ಟನ್ನು ಒಳಗೆ ಎಳೆದುಕೊಂಡಿರುತ್ತವೆ, ಒಂದಿಷ್ಟನ್ನು ಬದಲಿಸಿರುತ್ತವೆ. ಹಾಗಾಗಿ ಕೋಶವಿರುವ ವೆಲ್‌ನಲ್ಲಿ ಉಳಿದ ಸಾರವೂ ಇಲ್ಲದ ವೆಲ್‌ನಲ್ಲಿ ಉಳಿದ ಸಾರವೂ ಒಂದೇ ಅಲ್ಲ. ಮೇಲಾಗಿ, ದೊಡ್ಡ ಓದಿನಿಂದ ದೊಡ್ಡ ಓದನ್ನು ಕಳೆದು ಉಳಿದ ಚಿಕ್ಕ ಅಂಕಿಯ ಮೇಲೆ ತೀರ್ಮಾನ ಕಟ್ಟುವುದು ಅಪಾಯದ ಕೆಲಸ. ಎಂಟಿಟಿ ಹಾಕುವ ಮೊದಲು ಸಾರವನ್ನು ಹೀರಿ ತೆಗೆದು ಬಫರ್‌ನಿಂದ ತೊಳೆಯುವುದು ಇದಕ್ಕಿಂತ ಒಳ್ಳೆಯ ಉಪಾಯ. ಆದರೆ ತೊಳೆಯುವಾಗ ಸಡಿಲವಾಗಿ ಅಂಟಿಕೊಂಡ ಬದುಕಿದ ಕೋಶಗಳೂ ಹೋಗುತ್ತವೆ. ಆದ್ದರಿಂದ ಬೇರೆ ತತ್ತ್ವದ ಮೇಲೆ ನಡೆಯುವ ಪರೀಕ್ಷೆಗೆ ಹೋದೆವು. ಎಸ್‌ಆರ್‌ಬಿ ವಿಧಾನದಲ್ಲಿ ಕೋಶಗಳನ್ನು ತಣ್ಣನೆಯ ಟ್ರೈಕ್ಲೋರೋಅಸಿಟಿಕ್ ಆಮ್ಲದಿಂದ ನೆಲಕ್ಕೆ ಸ್ಥಿರಗೊಳಿಸಿ, ತೊಳೆದು, ಅವುಗಳ ಪ್ರೋಟೀನಿಗೆ ಅಂಟುವ ಗುಲಾಬಿ ಬಣ್ಣವನ್ನು ಹಾಕಿ ಅಳೆಯುತ್ತಾರೆ. ಇಲ್ಲಿ ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆಯೇ ಇಲ್ಲ. ಜೊತೆಗೆ ಸತ್ತ ಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ, ಕೋಶ ಎಣಿಸುವ ಗಾಜಿನ ಪಟ್ಟಿಯಾದ ಹೀಮೊಸೈಟೊಮೀಟರಿನಲ್ಲಿ ಕಣ್ಣಾರೆ ಎಣಿಸಿದೆವು. ಎರಡೂ ಸೂಕ್ಷ್ಮದರ್ಶಕದ ಚಿತ್ರವನ್ನೇ ಬೆಂಬಲಿಸಿದವು: ಸಾರ ಹೆಚ್ಚಿದಂತೆ ಕೋಶಗಳು ಸಾಯುತ್ತಿದ್ದವು, ಕೊನೆಯ ಏರಿಕೆ ಸುಳ್ಳು.

ಎರಡನೆಯ ತಿರುವು

ಪ್ರಕರಣ ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆವು. ಖಚಿತಪಡಿಸಿಕೊಳ್ಳಲು ಎಸ್‌ಆರ್‌ಬಿಯನ್ನು ಇನ್ನೊಮ್ಮೆ ಮಾಡಿದಾಗ ನಡುವಿನ ಸಾಂದ್ರತೆಗಳಲ್ಲಿ ಕೋಶಗಳು ಸಾಯಲೇ ಇಲ್ಲ. ಸಾರ ಅದೇ, ಕೋಶ ಅದೇ, ಕೈ ಅದೇ. ಎರಡು ದಿನ ನೋಟ್‌ಬುಕ್ ತಿರುವಿ ಹಾಕಿದ ಮೇಲೆ ಬದಲಾದದ್ದು ಒಂದೇ ಎಂದು ತಿಳಿಯಿತು: ಮಾಧ್ಯಮದ ಹಳೆಯ ಬಾಟಲಿ ಮುಗಿದು ಹೊಸದು ಬಂದಿತ್ತು. ಎರಡರ ಮೇಲೂ ಡಿಎಂಇಎಂ ಎಂದೇ ಇತ್ತು. ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಹೊಸದರಲ್ಲಿ ಸೋಡಿಯಂ ಪೈರುವೇಟ್ ಇದೆಯೆಂದೂ ಹಳೆಯದರಲ್ಲಿ ಇಲ್ಲವೆಂದೂ ಬರೆದಿತ್ತು.

ಪೈರುವೇಟ್ ಹೈಡ್ರೋಜನ್ ಪೆರಾಕ್ಸೈಡನ್ನು ನುಂಗಿಹಾಕುತ್ತದೆ. ಹಾಗಿದ್ದರೆ ಹಳೆಯ ಮಾಧ್ಯಮದಲ್ಲಿ ಪೆರಾಕ್ಸೈಡ್ ಎಲ್ಲಿಂದ ಬಂದಿತ್ತು? ಉತ್ತರ ಮತ್ತೆ ಅಪಕರ್ಷಣ ಶಕ್ತಿಯಲ್ಲಿಯೇ ಇತ್ತು. ಫೀನಾಲಿಕ್ ಸಂಯುಕ್ತಗಳು ಕೋಶ ಬೆಳೆಸುವ ಮಾಧ್ಯಮದಲ್ಲಿ, ಕೋಶಗಳ ಸಹಾಯವಿಲ್ಲದೆಯೇ, ಗಾಳಿಯ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಬಲ್ಲವು. ಚಹಾದ ಕ್ಯಾಟೆಚಿನ್‌ಗಳ ವಿಷಯದಲ್ಲಿ ಇದನ್ನು 2000ದಲ್ಲಿಯೇ ತೋರಿಸಲಾಗಿತ್ತು. ಹಾಗೆ ಹುಟ್ಟಿದ ಪೆರಾಕ್ಸೈಡ್ ಕೋಶಗಳನ್ನು ಕೊಲ್ಲುತ್ತದೆ, ನಾವು ಅದನ್ನು ಬೇರಿನ ಕೋಶನಾಶಕ ಗುಣವೆಂದು ಬರೆದುಕೊಳ್ಳುತ್ತೇವೆ.

ಇದು ಊಹೆಯಾಗಿಯೇ ಉಳಿಯಬಾರದೆಂದು ಪೈರುವೇಟ್ ಇಲ್ಲದ ಮಾಧ್ಯಮವನ್ನು ಹೊಸದಾಗಿ ತರಿಸಿ, ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಸಾರಕ್ಕಿಂತ ಮೊದಲು ಹಾಕಿ ನೋಡಿದೆವು. ಒಂದು ಸಾಲಿಗೆ ಕ್ಯಾಟಲೇಸ್, ಒಂದು ಸಾಲಿಗೆ ಕುದಿಸಿ ನಿಷ್ಕ್ರಿಯ ಮಾಡಿದ ಕ್ಯಾಟಲೇಸ್, ಒಂದು ಸಾಲಿಗೆ ಏನೂ ಇಲ್ಲ. ಕುದಿಸಿದ ಕಿಣ್ವದ ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ಕೋಶಗಳನ್ನು ಉಳಿಸಿದ್ದು ಕಿಣ್ವದ ಕೆಲಸವೋ, ಸಾರದ ಫೀನಾಲಿಕ್‌ಗಳನ್ನು ಅಂಟಿಸಿಕೊಂಡ ಪ್ರೋಟೀನೋ ಹೇಳಲಾಗದು. ನಡುವಿನ ಸಾಂದ್ರತೆಗಳಲ್ಲಿ ಜೀವಂತ ಕ್ಯಾಟಲೇಸ್ ಇದ್ದ ಸಾಲಿನ ಕೋಶಗಳು ನೆಲ ಬಿಡದೆ ಹರಡಿಕೊಂಡೇ ಇದ್ದವು, ಉಳಿದೆರಡು ಸಾಲುಗಳಲ್ಲಿ ಸತ್ತವು. 500ರಲ್ಲಿ ಮಾತ್ರ ಕ್ಯಾಟಲೇಸ್ ಇದ್ದರೂ ಸಾಕಷ್ಟು ಕೋಶಗಳು ಸತ್ತವು. ಬೇರಿನದೇ ಎನ್ನಬಹುದಾದ ನಾಶಕ ಗುಣ ಇದ್ದರೆ ಅದು ಅಲ್ಲಿ ಮಾತ್ರ.

ಆ ಸಾಂದ್ರತೆಯನ್ನು ಇಟ್ಟುಕೊಂಡು ಏನನ್ನೂ ದೊಡ್ಡದಾಗಿ ಹೇಳಲು ಬರುವುದಿಲ್ಲ. ಶುದ್ಧೀಕರಿಸದ ಸಸ್ಯಸಾರ ಗಮನಾರ್ಹವೆನಿಸಿಕೊಳ್ಳಲು ಅದರ ಐಸಿ50 ಮಿಲಿಲೀಟರಿಗೆ ಸುಮಾರು 30 ಮೈಕ್ರೋಗ್ರಾಂ ಒಳಗಿರಬೇಕೆಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮಿತಿ. ಇದಲ್ಲದೆ ಕ್ಯಾನ್ಸರ್ ಅಲ್ಲದ ವೀರೋ ಕೋಶಗಳ ಮೇಲೂ ಅದೇ ಪ್ರಯೋಗ ಮಾಡಿದಾಗ ಅವೂ ಹೆಚ್ಚುಕಡಿಮೆ ಅಷ್ಟೇ ಸತ್ತವು. ಎಲ್ಲ ಕೋಶಗಳನ್ನೂ ಸಮನಾಗಿ ಕೊಲ್ಲುವ ವಸ್ತುವನ್ನು ಕ್ಯಾನ್ಸರ್ ನಿರೋಧಕವೆಂದು ಕರೆಯುವುದು ಓದುಗರಿಗೂ ರೋಗಿಗಳಿಗೂ ಮಾಡುವ ಅನ್ಯಾಯ. ನಮ್ಮ ಕಡೆ ಕಾಯಿಲೆ ಬಿದ್ದವರ ಮನೆಯವರು ಇಂಥ ಒಂದು ಸಾಲನ್ನು ಮೊಬೈಲಿನಲ್ಲಿ ಓದಿ ಚಿಕಿತ್ಸೆ ಬಿಟ್ಟು ಬೇರು ಹುಡುಕಿಕೊಂಡು ಹೊರಡುವುದನ್ನು ನಾನು ಕಂಡಿದ್ದೇನೆ. ಬೇಸಿಗೆಯಲ್ಲಿ ಅಜ್ಜಿ ಈ ಬೇರನ್ನು ಕುದಿಸಿ ಕೊಡುವ ತಂಪಿನ ನೀರಿಗೂ ನಮ್ಮ ಪ್ಲೇಟಿಗೂ ಸಂಬಂಧವಿಲ್ಲ. ಕುಡಿದದ್ದು ಜೀರ್ಣವಾಗಿ ಬದಲಾಗುತ್ತದೆ, ರಕ್ತದಲ್ಲಿ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಧಾರಾಳವಾಗಿದೆ.

ಕೋಶ ಬೆಳೆಸುವ ಸೌಲಭ್ಯವಿಲ್ಲದ ಕಾಲೇಜುಗಳ ವಿಷಯ ಇಲ್ಲಿ ಹೇಳಬೇಕು. ವಿಜಯಪುರ, ಬಾಗಲಕೋಟೆಯ ಹಲವು ಪದವಿ ಕಾಲೇಜುಗಳಲ್ಲಿ ಇಂಗಾಲದ ಡೈಆಕ್ಸೈಡ್ ಇನ್‌ಕ್ಯುಬೇಟರ್ ಇಲ್ಲ. ಅಲ್ಲಿ ಉಪ್ಪುನೀರಿನ ಆರ್ಟೀಮಿಯಾ ಎಂಬ ಸೀಗಡಿಯಂಥ ಪುಟ್ಟ ಜೀವಿಯ ಮರಿಗಳ ಮೇಲೆ ಅಥವಾ ಉಳ್ಳಾಗಡ್ಡಿಯ ಬೇರುತುದಿಯ ಮೇಲೆ ಪರೀಕ್ಷೆ ಮಾಡುತ್ತಾರೆ. ನಮ್ಮ ವಿದ್ಯಾರ್ಥಿನಿಯೂ ಪದವಿಯಲ್ಲಿ ಉಳ್ಳಾಗಡ್ಡಿಯ ಮೇಲೆಯೇ ಕಲಿತವಳು. ಉಳ್ಳಾಗಡ್ಡಿ ಬೆಳೆಯುವ ಸೀಮೆಯಲ್ಲಿ ಅದಕ್ಕಿಂತ ಅಗ್ಗದ ಪ್ರಯೋಗವಸ್ತು ಸಿಗದು. ಈ ಪರೀಕ್ಷೆಗಳನ್ನು ಕಡೆಗಣಿಸುವುದು ಬೇಡ. ಬೇರು ಬೆಳೆಯಿತೇ, ಮರಿ ಈಜಿತೇ ಎಂದು ಕಣ್ಣಿನಿಂದ ನೋಡುವ ಪರೀಕ್ಷೆಯಲ್ಲಿ ಎಂಟಿಟಿಯ ಸುಳ್ಳು ನೇರಳೆಗೆ ಜಾಗವೇ ಇಲ್ಲ. ಆದರೆ ಪೆರಾಕ್ಸೈಡಿನ ಪ್ರಶ್ನೆ ಅಲ್ಲಿಯೂ ಇದ್ದೇ ಇರುತ್ತದೆ, ಆ ನೀರಿಗೂ ಒಂದು ಕ್ಯಾಟಲೇಸ್ ಸಾಲು ಬೇಕು.

ಪ್ರಬಂಧ ಒಪ್ಪಿಸುವ ದಿನಾಂಕವನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡೆವು. ಪ್ರಚೋದನೆಯ ವಾಕ್ಯ ಹೋಯಿತು. ಮೊದಲ ಮೂರು ಪ್ಲೇಟುಗಳ ಅಂಕಿಗಳನ್ನು ತೆಗೆದುಹಾಕೋಣವೇ ಎಂದು ಕೇಳಿದಾಗ ಆಕೆ ಬೇಡವೆಂದಳು, ಅವು ಕೋಶವಿಲ್ಲದ ಪ್ಲೇಟಿನ ಫೋಟೋದೊಂದಿಗೆ ನಾಲ್ಕನೆಯ ಅಧ್ಯಾಯದಲ್ಲಿವೆ. ಕ್ಯಾಟಲೇಸ್ ಹಾಕಿದ, ಕುದಿಸಿ ಹಾಕಿದ, ಹಾಕದ ಮೂರೂ ಸಾಲುಗಳು ಒಂದೇ ಕೋಷ್ಟಕದಲ್ಲಿವೆ, ಮಾಧ್ಯಮದಲ್ಲಿ ಪೈರುವೇಟ್ ಇತ್ತೋ ಇಲ್ಲವೋ ಎಂಬುದನ್ನು ಪ್ರತಿ ಸಾಲಿನ ಎದುರು ಬರೆದಿದ್ದಾಳೆ. ಪೇಟೆಯಿಂದ ತಂದ ಮಾಕಳಿ ಬೇರಿನ ಡಬ್ಬಿ ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿದೆ. ಮುಂದಿನ ವರ್ಷ ಬಂದ ವಿದ್ಯಾರ್ಥಿ ಅದರ ಮೇಲೆ ಕೆಲಸ ಶುರುಮಾಡಿದ್ದಾನೆ, ಅವನ ಮೊದಲ ಪ್ಲೇಟ್ ಕೋಶವಿಲ್ಲದ್ದು.